ರಗ್ಗು, ಉಪದೇಶ ಮತ್ತು ಜವರಮ್ಮನ ಕೋಳಿ

ಪರೋಪಕಾರ ಮಾಡಬೇಕೆಂಬ ಆಸೆ ಗಂಡಸರಿಗೆ ಸಾಮಾನ್ಯವಾಗಿ ಹುಟ್ಟುವುದು ನಿವೃತ್ತಿಯಾದ ಮೇಲೆ, ಮನೆಯಲ್ಲಿ ತಾವು ಯಾವ ಉಪಯೋಗಕ್ಕೂ ಇಲ್ಲ ಎಂದು ಖಚಿತವಾದಾಗ. ನನ್ನದೂ ಅದೇ ಕಥೆ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಮನೆಗೆ ಬಂದು ಕೂತವನು ಅಡುಗೆಮನೆಯ ಡಬ್ಬಗಳಿಗೆಲ್ಲ ಹೆಸರಿನ ಚೀಟಿ ಅಂಟಿಸತೊಡಗಿದೆ. ನನ್ನ ಹೆಂಡತಿ ಸುಶೀಲ ಒಂದು ವಾರ ಸಹಿಸಿಕೊಂಡು, "ರೀ, ನಿಮಗೆ ಹೊರಗಡೆ ಏನೂ ಕೆಲಸ ಇಲ್ವಾ?" ಎಂದಳು. ಮಾರನೆಯ ದಿನವೇ ನಾನು ಮಂಡ್ಯದ ನಮ್ಮ ಗುತ್ತಲು ಬಡಾವಣೆಯ ಭಜನೆ ಮನೆಯ ಸೇವಾ ಮಂಡಳಿಗೆ ಸೇರಿಕೊಂಡೆ.

ಮಂಡಳಿಯ ಕೆಲಸ ಸರಳವಾದದ್ದು. ತಿಂಗಳಿಗೊಮ್ಮೆ ವ್ಯಾನು ಮಾಡಿಕೊಂಡು ಯಾವುದಾದರೂ ಹಳ್ಳಿಗೆ ಹೋಗುವುದು, ಬಡವರಿಗೆ ರಗ್ಗು ಹಂಚುವುದು, ಒಂದೊಂದು ರಗ್ಗಿನ ಜೊತೆಗೂ ಸಾತ್ವಿಕ ಆಹಾರದ ಮೇಲೆ ಐದು ನಿಮಿಷ ಉಪದೇಶ ಮಾಡುವುದು. ಉಪದೇಶ ಮಾಡುವವರು ಮಾಂಸ ಬಿಟ್ಟಿರಬೇಕು ಎಂಬುದು ನಿಯಮ. ನಾನು ದೇವರ ಮುಂದೆ ಕರ್ಪೂರ ಹಚ್ಚಿ ಬಿಟ್ಟೆ. ನಾನು ಬಿಟ್ಟದ್ದು ಹೇಗೂ ಇರಲಿ, ನಾಟಿ ಕೋಳಿ ಎಂದರೆ ಪ್ರಾಣ ಬಿಡುವ ಸುಶೀಲಳ ಒಲೆಯ ಮೇಲೂ ಅದು ಏರಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ಎಂಟು ತಿಂಗಳು ನಮ್ಮ ಮನೆಯಲ್ಲಿ ಮಸಾಲೆ ಅರೆದದ್ದೇ ಇಲ್ಲ. ಅವಳು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮುದ್ದೆಯನ್ನು ತಟ್ಟೆಗೆ ಹಾಕುವಾಗ ಆಗುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಆ ಸಲ ವ್ಯಾನು ಬೆಳಕವಾಡಿಯ ಆಚೆಗಿನ ಒಂದು ಹಳ್ಳಿಗೆ ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಬೀದಿ. ರಗ್ಗು ಉಳಿಸಿಕೊಂಡು ವ್ಯಾನಿಗೆ ಬಂದವನ ಸೇವಾಮನೋಭಾವದಲ್ಲಿ ಏನೋ ಕೊರತೆಯಿದೆ ಎಂದು ಅಧ್ಯಕ್ಷರು ಮುಖ ಗಂಟಿಕ್ಕುತ್ತಿದ್ದರು. ನನ್ನ ಕೈಯಲ್ಲಿ ಕೊನೆಯದೊಂದು ಉಳಿದುಬಿಟ್ಟಿತು. ಬೀದಿಯ ತುದಿಯ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಜವರಮ್ಮ ಎಂಬ ಮುದುಕಿಗೆ ಅದನ್ನು ಚಾಚಿದೆ. ಆಕೆ ನಕ್ಕಳು.

"ಆಗ್ಲೇ ಮೂರವೆ ಕಣಪ್ಪ. ಒಂದು ಮಠದೋರು ಕೊಟ್ರು, ಒಂದು ಚರ್ಚಿನ ಅಮ್ಮಾರು ಕೊಟ್ರು, ಇನ್ನೊಂದು ಎಲೆಕ್ಸನ್ನೋರು. ಒದ್ಕಳಾಕೆ ನಾನು ಒಬ್ಳೇ ತಾನೆ?"

ನನ್ನ ಮುಖ ಬಾಡಿದ್ದು ಆಕೆಗೆ ಕಂಡಿರಬೇಕು. "ಓಗ್ಲಿ ಬುಡು, ಬಿಸ್ಲಲ್ಲಿ ಒತ್ಕಂಡ್ ಬಂದಿದ್ದೀಯೆ, ಕೊಡು" ಎಂದು ಇಸಿದುಕೊಂಡಳು. ನಾನು ಮಂಡ್ಯದ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡು ಉತ್ಸಾಹದಿಂದ ಉಪದೇಶ ಶುರುಮಾಡಿದೆ. ಪ್ರಾಣಿದಯೆ, ಕರುಳಿನ ಆರೋಗ್ಯ, ಮನಸ್ಸಿನ ಶಾಂತಿ, ಒಂದನ್ನೂ ಬಿಡಲಿಲ್ಲ. ಜವರಮ್ಮ ತಲೆದೂಗಿ ಕೇಳಿ, "ಸರ್ಯಾಗಿ ಏಳ್ದೆ ಕಣ್ ಮೇಸ್ಟ್ರೇ" ಎಂದು ಎದ್ದು, ಹಿತ್ತಲಿಗೆ ಹೋಗಿ ಕೋಳಿ ಹಿಡಿದಳು.

ನಾನು ಗಾಬರಿಯಾಗಿ, "ಬೇಡ ಕಣಮ್ಮ, ನಾನು ಬಿಟ್ಟಿದ್ದೀನಿ" ಎಂದೆ.

"ಯಾಕೆ, ಡಾಕ್ಟ್ರು ಬ್ಯಾಡ ಅಂದವ್ರಾ?"

"ಇಲ್ಲಮ್ಮ, ದೇವರಿಗೆ ಮಾತು ಕೊಟ್ಟಿದ್ದೀನಿ."

"ಅದು ಮಂಡ್ಯದಲ್ಲಿ ಕೊಟ್ಟಿರೋ ಮಾತು. ಮನೆಗ್ ಬಂದೋರ್ನ ಬರೀ ಒಟ್ಟೇಲಿ ಕಳ್ಸಾಕಾಯ್ತದಾ? ಉಣ್ಣಕಿಲ್ಲ ಅಂದ್ರೆ ನಿನ್ ರಗ್ಗ ನೀನೇ ತಕಂಡೋಗು."

ಒಂದು ಕಡೆ ಅಧ್ಯಕ್ಷರ ಗಂಟು ಮುಖ, ಇನ್ನೊಂದು ಕಡೆ ಒಳಗಿನಿಂದ ಬರುತ್ತಿದ್ದ ಹುರಿದ ಮಸಾಲೆಯ ಘಮ. ಸೇವೆಗಾಗಿ ವ್ರತ ಮುರಿದರೆ ದೋಷವಿಲ್ಲ ಎಂದು ನನ್ನ ಬುದ್ಧಿ ಐದೇ ನಿಮಿಷದಲ್ಲಿ ತೀರ್ಮಾನಿಸಿತು. ಎರಡನೆಯ ಮುದ್ದೆಯ ಹೊತ್ತಿಗೆ, ಮೊಟ್ಟೆಯಿಡುವ ಕೋಳಿ ಆ ಮನೆಯಲ್ಲಿ ಅದೊಂದೇ ಇತ್ತೆಂದು ಆಕೆಯ ಮಾತಿನಿಂದ ಗೊತ್ತಾಯಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನಾಚಿಕೊಂಡೇ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಹೊರಡುವಾಗ ಎಲ್ಲರೂ ಹೇಳುವ ಹಾಗೆ ನಾನೂ ಹೇಳಿದೆ, "ಮಂಡ್ಯಕ್ಕೆ ಬಂದರೆ ನಮ್ಮ ಮನೆಗೆ ಬಾರಮ್ಮ. ಗುತ್ತಲಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ."

ಇಂಥ ಮಾತನ್ನು ನಂಬಿಕೊಂಡು ಯಾರೂ ಬರುವುದಿಲ್ಲ. ಜವರಮ್ಮ ಬಂದಳು. ಮುಂದಿನ ತಿಂಗಳು, ಮಂಡಳಿಯ ಸಭೆಯ ದಿನ, ನಾನು ಜುಬ್ಬಾ ತೊಟ್ಟು ಗೇಟು ತೆರೆಯುತ್ತಿದ್ದೇನೆ, ಎದುರಿಗೆ ನಿಂತಿದ್ದಾಳೆ. ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು, ಬಿಸಿಲಲ್ಲಿ ಬೀದಿ ಬೀದಿ ಅಲೆದು ವಿಚಾರಿಸಿಕೊಂಡು ಬಂದಿದ್ದಳು. ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಊಟದ ಹೊತ್ತು. ಸಭೆಯಲ್ಲಿ ಅಂದು ನನ್ನದೇ ಅನುಭವ ಭಾಷಣ, ವಿಷಯ ಜವರಮ್ಮನೇ. ನಾನು ಗಡಿಯಾರ ನೋಡಿಕೊಂಡೆ. "ಒಳಗೆ ಮನೆಯವಳಿದ್ದಾಳೆ, ಕಾಫಿ ಕುಡಿದು ಹೋಗಮ್ಮ. ಇನ್ನೊಂದು ದಿನ ಊಟಕ್ಕೇ ಬರುವೆಯಂತೆ" ಎಂದೆ. "ಓಗ್ಬಾರಪ್ಪ, ನಿಂಗೆ ಕೆಲ್ಸ ಅದೆ" ಎಂದು ಆಕೆಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಭಾಷಣ ಚೆನ್ನಾಗಿ ಆಯಿತು. ಬಡ ಮುದುಕಿಯೊಬ್ಬಳು ರಗ್ಗನ್ನು ಎದೆಗೊತ್ತಿಕೊಂಡು ಕಣ್ಣೀರಿಟ್ಟದ್ದನ್ನು ಹೇಳಿದೆ, ಕೊಟ್ಟವನನ್ನು ಊಟ ಮಾಡಿಸದೆ ಕಳಿಸಲಿಲ್ಲ ಎಂದೂ ಹೇಳಿದೆ. ಮಂಡಳಿಯ ನಿಯಮ ನೆನಪಾಗಿ ಕೋಳಿ ಸಾರನ್ನು ಸೊಪ್ಪಿನ ಬಸ್ಸಾರು ಮಾಡಿದೆ. ಇದ್ದೊಂದು ಕೋಳಿಯನ್ನು ಕೊಯ್ದು ಇಕ್ಕಿದವಳ ಹೆಸರಿಗೆ ಅದೂ ದಕ್ಕಲಿಲ್ಲ. ಅಧ್ಯಕ್ಷರು ಕಣ್ಣೊರೆಸಿಕೊಂಡು ನನಗೆ ಶಾಲು ಹೊದಿಸಿದರು.

ಶಾಲು ಹೊದ್ದುಕೊಂಡೇ ಮನೆಗೆ ಬಂದರೆ ಬಾಗಿಲಲ್ಲೇ ಆ ಘಮ. ಸುಶೀಲ ಸೋಫಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಎಂಟು ತಿಂಗಳಲ್ಲಿ ನಾನು ಕಾಣದಿದ್ದ ಪ್ರಸನ್ನ ಮುಖದಲ್ಲಿ ಕೂತಿದ್ದಳು.

"ಆಯಮ್ಮ ಬಸ್ಸು ಹತ್ತಿತು. ನಾನೇ ಸ್ಟ್ಯಾಂಡಿಗೆ ಬಿಟ್ಟು ಬಂದೆ. ಬಲೇ ಒಳ್ಳೇದು ಕಣ್ರೀ, ಪಾಪ, ನಿಮ್ಮನ್ನೇ ಕೇಳ್ತಿತ್ತು. 'ಮೇಸ್ಟ್ರಿಗೆ ಒತ್ತೊತ್ತಿಗೆ ಊಟ ಆಕವ್ವ, ಅವತ್ತು ಆ ಕೋಳಿ ಸಾರ್ನ ಎಂಗ್ ಉಂಡ್ರು ಗೊತ್ತಾ, ಕಾಲಿನ ಮೂಳೇನೂ ಬುಡ್ನಿಲ್ಲ' ಅಂತು."

ನಾನು ಶಾಲಿನ ಅಂಚನ್ನು ಸರಿಮಾಡಿಕೊಂಡೆ.

"ಅದಕ್ಕೇ ಇವತ್ತು ಕೋಳಿ ತರಿಸಿ ಮಾಡಿದೆ. ಇಬ್ಬರೂ ಚೆನ್ನಾಗಿ ಊಟ ಮಾಡಿದ್ವಿ. ನಿಮಗೆ ವ್ರತ ಅಲ್ವಾ, ಅನ್ನ ಮಜ್ಜಿಗೆ ಮುಚ್ಚಿಟ್ಟಿದ್ದೀನಿ. ಹಾಗೇ ಆ ಪಾತ್ರೆಗಳಿಷ್ಟು ತೊಳೆದುಬಿಡಿ, ನನಗೆ ನಿದ್ದೆ ಬರ್ತಿದೆ" ಎಂದು ಎದ್ದು ಹೋದಳು.

ಅನ್ನ ಮಜ್ಜಿಗೆ ಉಂಡೆ. ಶಾಲು ತೆಗೆದು ಕುರ್ಚಿಗೆ ಹಾಕಿ ಪಾತ್ರೆ ತಿಕ್ಕಲು ನಿಂತೆ. ನೀರು ಬಿಡುವ ಮುಂಚೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಾರಿನ ಪಾತ್ರೆಯ ತಳವನ್ನು ಬೆರಳಿನಿಂದ ಬಳಿದು ನೋಡಿದೆ. ಅವರಿಬ್ಬರೂ ಏನೂ ಉಳಿಸಿರಲಿಲ್ಲ.