ಬಾಗಿಲು ಒಳಕ್ಕೋ ಹೊರಕ್ಕೋ?

ಸಾಕ್ಷಾತ್ ಕೈಲಾಸದಿಂದ ಕರೆ ಬಂದರೂ ನಮ್ಮ ಕಾಕಾ ಕೂಡಲೇ ಹೊರಡುವ ಆಸಾಮಿಯಲ್ಲ! ಮೊದಲು ಅಲ್ಲಿಗೊಂದು ಕಾರ್ಡು ಬರೆಯುತ್ತಾರೆ. ‘ಕೈಲಾಸದ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಹೊಸ್ತಿಲು ಎಷ್ಟು ಬೆರಳು ಎತ್ತರ? ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ?’ ನಂದಿಯೋ ಭೃಂಗಿಯೋ ಇದಕ್ಕೆ ಉತ್ತರ ಬರೆದ ಮೇಲೆಯೇ ಅವರು ಚಪ್ಪಲಿ ಮೆಟ್ಟುವುದು. ಉತ್ತರ ಬರದಿದ್ದರೆ? ಇನ್ನಷ್ಟು ವರ್ಷ ಇಲ್ಲೇ ಇರುತ್ತಾರೆ, ಅಷ್ಟೆ! ಈ ಮಾತನ್ನು ಅವರ ಎದುರಿಗೇ ಹೇಳಿ ನೋಡಿದ್ದೇನೆ. ನಗಲಿಲ್ಲ. “ಅದರಾಗೇನು ತಪ್ಪದವಾ? ಕೇಳಿ ಹೋದವ ಎಡವಂಗಿಲ್ಲ” ಅಂದರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹುಟ್ಟಿದ್ದು ಕಮಲಾಪುರದ ಬಾಳೆತೋಟದಲ್ಲಿ, ಗುಮಾಸ್ತಿಕೆ ಮಾಡಿದ್ದು ಕಲಬುರಗಿಯ ಸರಕಾರಿ ಕಚೇರಿಯಲ್ಲಿ, ಸಂಸಾರ ಹೂಡಿದ್ದು ಬ್ರಹ್ಮಪುರದಲ್ಲಿ. ಅವರಿಗೂ ಕಾಕಿಗೂ ಮಕ್ಕಳಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ಊರು ನೋಡಲು ಹೊರಟಾಗ ಸಂಗಡ ನಾನು ಇರಲೇಬೇಕು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಜನ ಬಸ್ಸಿಳಿದು ಮೊದಲು ಕಂಡ ಲಾಡ್ಜಿಗೆ ನುಗ್ಗುತ್ತಿದ್ದರು. ಕಾಕಾ ಮಾತ್ರ ತಿಂಗಳು ಮೊದಲೇ ಅಂಚೆ ಕಚೇರಿಯಿಂದ ಜವಾಬಿ ಕಾರ್ಡು ತರುತ್ತಿದ್ದರು. ಎರಡು ಕಾರ್ಡು ಒಂದಕ್ಕೊಂದು ಹೊಂದಿಕೊಂಡಿರುತ್ತಿದ್ದವು. ಒಂದರಲ್ಲಿ ನಾವು ಕೇಳುವುದು, ಇನ್ನೊಂದರಲ್ಲಿ ಅವರು ಉತ್ತರಿಸುವುದು. ಕಾಕಾ ತಮ್ಮ ಕಾರ್ಡಿನಲ್ಲಿ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಹದಿನೆಂಟು ಪ್ರಶ್ನೆ ಬರೆಯುತ್ತಿದ್ದರು. ನಲ್ಲಿ ಎಡಕ್ಕೋ ಬಲಕ್ಕೋ? ದೀಪದ ಸ್ವಿಚ್ಚು ಎಷ್ಟು ಎತ್ತರ? ನಡುವೆ ಕಂಬಗಿಂಬ ಏನಾದರೂ ಇದೆಯೋ?

ಒಮ್ಮೆ ಸೊಲ್ಲಾಪುರದ ಲಾಡ್ಜಿನ ಮ್ಯಾನೇಜರು ಉತ್ತರದ ಕಾರ್ಡಿನಲ್ಲಿ ಒಂದೇ ಸಾಲು ಬರೆದು ಕಳಿಸಿದ್ದರು: ‘ಮಹನೀಯರೇ, ತಾವು ಇಳಿದುಕೊಳ್ಳಲು ಬರುತ್ತೀರೋ, ಲಾಡ್ಜು ಖರೀದಿಸಲು ಬರುತ್ತೀರೋ?’ ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಕಾಕಾ ಗಂಭೀರವಾಗಿ ಇನ್ನೊಂದು ಕಾರ್ಡು ತೆಗೆದು ಬರೆದರು: ‘ಇಳಿದುಕೊಳ್ಳಲು. ಬಾಗಿಲು ಒಳಕ್ಕೋ ಹೊರಕ್ಕೋ?’

“ಟ್ರಾವೆಲ್ಸಿನವರಿಗೆ ಹೇಳಿದ್ರ ಅವರೇ ರೂಮು ಮಾಡಿ ಕೊಡ್ತಾರಲ್ಲೋ” ಎಂದು ಅಪ್ಪ ಹೇಳಿದರೆ ಕಾಕಾ ಉರಿದು ಬೀಳುತ್ತಿದ್ದರು. “ನಡುವ ದಲಾಲ ಯಾಕ ಬೇಕೋ ಅಣ್ಣಾ? ಬಾಳಿ ಬೆಳೆದ ಮನ್ಯಾಗ ಹುಟ್ಟಿ ದಲಾಲರ ಬಣ್ಣ ನೋಡಿಲ್ಲೇನು? ಅವಂಗ ನಮ್ಮ ಬಾಳಿನೂ ಗೊತ್ತಿಲ್ಲ, ತಿನ್ನಾವನ ಬಾಯಿನೂ ಗೊತ್ತಿಲ್ಲ!” ಬಾಳೆಯ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ಬಾಳೆ ಎಂದಾಗ ನೆನಪಾಯಿತು. ಲಾಡ್ಜಿನವರು ‘ಮುಂಗಡ ಕಳಿಸಿ’ ಎಂದರೆ ಕಾಕಾ ಕಳಿಸುತ್ತಿದ್ದದ್ದು ಏನು ಗೊತ್ತೇ? ಕಮಲಾಪುರದ ಕೆಂಪು ಬಾಳೆಯ ಗೊನೆ! ಅದೂ ಕಾಯಿ! ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟು, ಜೊತೆಗೊಂದು ಚೀಟಿ: ‘ಇದು ನಮ್ಮ ಬಯಾನಾ. ಇವು ಹಣ್ಣಾದ ದಿನ ನಾವು ಬರುತ್ತೇವೆ. ಕೋಣೆ ಖಾಲಿ ಇಡುವುದು.’ ತಾರೀಖು ಬರೆದರಾಗದೇ ಎಂದು ಕೇಳಿದರೆ, “ತಾರೀಖು ಕಾಗದದಾಗ ಮಲಗಿರ್ತದವಾ. ಬಾಳಿ ದಿನಾ ಮುಖಾ ತೋರಸ್ತದ, ವಾಸನಿ ಬಿಡ್ತದ. ಹೆಂಗ ಮರೀತಾರ?” ಎನ್ನುತ್ತಿದ್ದರು. ತರ್ಕಕ್ಕೆ ತಪ್ಪು ಹುಡುಕುವುದು ಕಷ್ಟವಿತ್ತು.

ತಪ್ಪು ಹುಡುಕಿದ್ದು ರಾಯಚೂರಿನ ಬಿಸಿಲು. ಅಲ್ಲಿಯ ಕೋಟೆ ನೋಡಲು ಹೊರಟಿದ್ದೆವು. ಕಾಕಾನ ಲೆಕ್ಕದಲ್ಲಿ ಗೊನೆ ಹಣ್ಣಾಗಲು ಎಂಟು ದಿನ. ಆದರೆ ರಾಯಚೂರಿನ ಏಪ್ರಿಲ್ ತಿಂಗಳಿಗೆ ಕಮಲಾಪುರದ ಲೆಕ್ಕ ಯಾರು ಹೇಳಬೇಕು? ಸಾಲದ್ದಕ್ಕೆ ಆ ಮ್ಯಾನೇಜರು ಗೊನೆಯನ್ನು ಅಡಿಗೆಮನೆಯ ಅಟ್ಟದ ಮೇಲೆ ಇಟ್ಟಿದ್ದರು. ನಾಲ್ಕನೆಯ ದಿನಕ್ಕೇ ಲಾಡ್ಜೆಲ್ಲ ಘಮ್ಮೆಂದಿದೆ! ಪಾಪ, ಕೋಣೆ ಗುಡಿಸಿ, ಹೊಸ ಚಾದರ ಹಾಸಿ, ಬೀಗ ಹಾಕಿಕೊಂಡು ಎರಡು ದಿನ ನಮ್ಮ ದಾರಿ ಕಾದಿದ್ದಾರೆ. ಆಮೇಲೆ ಒಂದು ಮದುವೆಯ ದಿಬ್ಬಣಕ್ಕೆ ಅದನ್ನು ಕೊಟ್ಟುಬಿಟ್ಟಿದ್ದಾರೆ. ಎಂಟನೆಯ ದಿನ ನಾವು ಪೆಟ್ಟಿಗೆ ಹೊತ್ತು ಹೋಗಿ ನಿಂತರೆ ಅವರು ಬರೀ ಗೊನೆಯ ದಿಂಡು ಎತ್ತಿ ತೋರಿಸಿದರು: “ನೋಡ್ರೀ ಸಾಹೇಬ್ರ, ನಿಮ್ಮ ಬಾಳಿ ನಾಕು ದಿನದ ಹಿಂದ ಬಂದು ಹೋಗ್ಯಾವ. ನೀವೇ ತಡಾ ಮಾಡೀರಿ!”

ಮ್ಯಾನೇಜರು ಒಳ್ಳೆಯವರು, ತಮ್ಮ ಮನೆಯ ಪಡಸಾಲೆಯಲ್ಲೇ ನಮಗೆ ಜಾಗ ಮಾಡಿಕೊಟ್ಟರು. ಆದರೆ ಕಾಕಿ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತವಳು ಏಳಲೇ ಇಲ್ಲ. ನೀರು ಕೊಟ್ಟರೂ ಕುಡಿಯಲಿಲ್ಲ, ಕೋಟೆ ನೋಡಲೂ ಬರಲಿಲ್ಲ. ಬಾಳೆಹಣ್ಣು ಹೋದದ್ದಕ್ಕೆ ಇಷ್ಟೊಂದು ಸಿಟ್ಟೇ ಎಂದು ನನಗೆ ಆಶ್ಚರ್ಯವಾಗಿತ್ತು.

ತೊಂಬತ್ತರ ದಶಕದಲ್ಲಿ ಎಸ್‌ಟಿಡಿ ಬೂತು ಬಂತು, ಕಾಕಾನ ಕಾಟ ಅಂಚೆಯಿಂದ ತಂತಿಗೆ ಏರಿತು. ಗಾಜಿನ ಡಬ್ಬಿಯೊಳಗೆ ನಿಂತು ಕೂಗುತ್ತಿದ್ದರು: “ಅಂದಾಜು ಬ್ಯಾಡ್ರೀ, ಹೋಗಿ ಹೆಜ್ಜಿ ಎಣಿಸಿ ಬರ್ರಿ. ನಾ ಹಿಡಕೊಂಡೇ ಇರ್ತೀನಿ!” ಹೊರಗೆ ಸಾಲು ಬೆಳೆಯುತ್ತಿತ್ತು. ಒಮ್ಮೆ ಆ ಕಡೆಯವರು ಎಣಿಸಿ ಬಂದು ಹೇಳಿದ್ದನ್ನು ಬರೆದುಕೊಂಡ ಕಾಕಾ, “ಜರಾ ತಡೀರಿ, ನೀವು ಎತ್ತರ ಇದ್ದೀರೋ ಗಿಡ್ಡ ಇದ್ದೀರೋ?” ಎಂದು ಕೇಳಿದರು. ಹೆಜ್ಜೆಯ ಉದ್ದ ಗೊತ್ತಾಗಬೇಡವೇ! ಫೋನು ಕುಕ್ಕಿದ ಸದ್ದು ಹೊರಗಿದ್ದ ನಮಗೂ ಕೇಳಿಸಿತು.

ಪ್ರತಿ ಸಲ ಹೀಗೆ ಉತ್ತರ ಸಿಕ್ಕ ಮೇಲೆ ಅವರು ಮಾಳಿಗೆ ಹತ್ತಿ ರಂಗೋಲಿಯಿಂದ ಚೌಕ ಚೌಕವಾಗಿ ಗೆರೆ ಎಳೆಯುತ್ತಿದ್ದರು. ನಾನು ಅದರಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಪ್ರವಾಸದ ಖುಷಿಗೆ ಕಾಕಾ ನನಗಾಗಿಯೇ ಬರೆದುಕೊಡುತ್ತಾರೆ ಎಂದುಕೊಂಡಿದ್ದೆ.

ಈಗ ಕಾಕಿಯ ವಿಷಯ ಹೇಳಬೇಕು. ಅವಳಿಗೆ ದಪ್ಪ ಕನ್ನಡಕ ಇತ್ತು. ದೃಷ್ಟಿ ಸ್ವಲ್ಪ ಮಂದ ಎಂದಷ್ಟೇ ನಮಗೆ ಗೊತ್ತು. ಬ್ರಹ್ಮಪುರದ ಮನೆಯಲ್ಲಿ ಹತ್ತು ಜನರಿಗೆ ಚಹಾದ ಬಸಿ ಹಿಡಿದು ಓಡಾಡುವವಳನ್ನು ನೋಡಿ ಯಾರಿಗೆ ಏನು ಅನ್ನಿಸೀತು? ಕಾಕಾ ನಿವೃತ್ತರಾಗಿ ಇಬ್ಬರೂ ಕಮಲಾಪುರಕ್ಕೆ ಹೋಗಿ ನೆಲೆಸಿದ ಮೇಲೆ, ಹೈದರಾಬಾದಿನ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು. ಕಾಕಿಗೆ ಬೆಳಕಿನಲ್ಲಿ ಎದುರಿನ ದೂರದ್ದು ಮಾತ್ರ ಕಾಣುತ್ತದೆ; ಪಕ್ಕದ್ದು, ಕಾಲ ಬುಡದ್ದು ಕಾಣುವುದಿಲ್ಲ. ಉಳಿದದ್ದೂ ಒಂದೆರಡು ವರ್ಷದ ಮಾತು. ಕಾಕಿ ಅಳಲಿಲ್ಲ. “ಅದು ಹೋಗೋದ್ರಾಗ ಒಮ್ಮೆ ಸಮುದ್ರ ನೋಡಬೇಕು ನೋಡವಾ” ಎಂದಳು. ಇಷ್ಟು ವರ್ಷ ಊರೂರು ಸುತ್ತಿದವರು ಒಮ್ಮೆಯೂ ಸಮುದ್ರ ನೋಡಿರಲಿಲ್ಲ!

ಆ ಹೊತ್ತಿಗೆ ನಾನು ಕಲಬುರಗಿಯಲ್ಲಿ ಶಿಕ್ಷಕಿಯಾಗಿದ್ದೆ, ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ, ತಲೆಗೆ ಎರಡು ಕೊಂಬೂ ಬಂದಿದ್ದವು. “ಕಾರವಾರದ ರೂಮು ನನಗ ಬಿಡ್ರಿ ಕಾಕಾ” ಎಂದು ಘೋಷಿಸಿ ಇಂಟರ್ನೆಟ್ ಸೆಂಟರಿಗೆ ಹೋದೆ. ಆನ್‌ಲೈನ್ ಸೈಟಿನಲ್ಲಿ ನೂರಾರು ಹೋಟೆಲು, ಒಂದಕ್ಕಿಂತ ಒಂದು ಚಂದ! ಹತ್ತೇ ನಿಮಿಷ, ಸಮುದ್ರ ಕಾಣುವ ಕೋಣೆ ನಮ್ಮದಾಯಿತು. ಫೋಟೋದ ಸಮೇತ ಪ್ರಿಂಟು ತೆಗೆಸಿ, ಊರಿಂದ ಬಂದಿದ್ದ ಕಾಕಾನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿದರು.

“ಬಾಗಲಾ ಎಲ್ಲದ?”

“ಫೋಟೋದಾಗ ಬಂದಿಲ್ಲ ಕಾಕಾ.”

“ಬಚ್ಚಲಾ?”

“ಅದೂ ಬಂದಿಲ್ಲ.”

“ಹಂಗಾದ್ರ ಇದು ರೂಮಿನ ಫೋಟೋ ಅಲ್ಲವಾ, ಮಂಚದ ಫೋಟೋ. ಯಾರ ಜೋಡಿ ಮಾತಾಡಿದಿ?”

“ಯಾರ ಜೋಡಿನೂ ಮಾತಾಡೋದೇ ಬೇಕಾಗಿಲ್ಲ!”

“ಅಂದ್ರ ನಾವು ಬರ್ತೀವಂತ ಅಲ್ಲಿ ಒಬ್ಬ ಮನುಷ್ಯಾಗೂ ಗೊತ್ತಿಲ್ಲ?”

“ಕಂಪ್ಯೂಟರಿಗೆ ಗೊತ್ತದಲ್ಲ ಕಾಕಾ.”

“ನಾಳಿ ಹೋದ್ರ ಬಾಗಲಾ ಕಂಪ್ಯೂಟರ ತೆಗೀತದೇನು?”

ನಾನು ನಕ್ಕೆ. ಹಳೆಯ ಕಾಲದ ಅನುಮಾನ ಎಂದು ಸ್ವಲ್ಪ ಕನಿಕರವನ್ನೂ ಪಟ್ಟೆ. ಅವರು ಪ್ರಿಂಟನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದರು.

ಮುಂದಿನ ರವಿವಾರ ಬಸ್ಸಿನ ಟಿಕೆಟ್ ಕೊಡಲೆಂದು ಕಮಲಾಪುರಕ್ಕೆ ಹೋದೆ. ಬಾಗಿಲು ದಾಟಿ ಹಿತ್ತಲಿಗೆ ಬಂದವಳು ಅಲ್ಲೇ ನಿಂತೆ. ಸಾರಿಸಿದ ನೆಲದ ಮೇಲೆ ರಂಗೋಲಿಯಲ್ಲಿ ಒಂದು ದೊಡ್ಡ ಚೌಕ. ಒಳಗೆ ಗೋಣಿಚೀಲ ಹಾಸಿತ್ತು, ಒಂದು ಕಡೆ ಸ್ಟೂಲು, ಇನ್ನೊಂದು ಕಡೆ ಮೊರ ಒರಗಿಸಿತ್ತು. ನನ್ನ ಪ್ರಿಂಟು ಕಟ್ಟೆಯ ಮೇಲೆ ಕಲ್ಲಿನ ಭಾರದಡಿ ಹರಡಿತ್ತು. ಕಾಕಾ ಅದನ್ನು ನೋಡುತ್ತ ಹೇಳುತ್ತಿದ್ದರು: “ಇದು ಮಂಚ. ಇಲ್ಲಿಂದ ಬಲಕ್ಕ ಮೂರು ಹೆಜ್ಜಿ. ಅಲ್ಲದ ಮೊರ, ಅದೇ ಕಿಟಕಿ.” ಕಾಕಿ ಕಣ್ಣು ಮುಚ್ಚಿಕೊಂಡು ಮೂರು ಹೆಜ್ಜೆ ನಡೆದು ಮೊರ ಮುಟ್ಟಿದಳು. ತಿರುಗಿ ಬಂದು ಮಂಚದ ಆಚೆಗೆ ಎರಡು ಹೆಜ್ಜೆ ಇಟ್ಟಳು. ಅಲ್ಲಿ ರಂಗೋಲಿಯ ಗೆರೆ ನಿಂತುಹೋಗಿತ್ತು. ಕಾಕಿಯೂ ನಿಂತಳು.

“ಯಾಕ ನಿಂತ್ರಿ ಕಾಕಿ?” ಎಂದೆ.

ನನ್ನ ದನಿ ಕೇಳಿ ಕಣ್ಣು ಬಿಟ್ಟು ನಕ್ಕಳು. “ಬಂದ್ಯಾ ತಂಗಿ? ಇಲ್ಲಿಂದ ಮುಂದ ಫೋಟೋ ಮುಗೀತಂತ. ನಿಮ್ಮ ಕಾಕಾಗ ಗೊತ್ತಿಲ್ಲಂತ. ಅದಕ್ಕ ನಿಂತೀನಿ.”

ಆಗ ನನಗೆ ಹೊಳೆಯಿತು. ಮಾಳಿಗೆಯ ಮೇಲೆ ನಾನು ಕುಂಟೆಬಿಲ್ಲೆ ಆಡಿದ ಚೌಕಗಳು ಸೊಲ್ಲಾಪುರದ ಕೋಣೆ, ವಿಜಾಪುರದ ಕೋಣೆ! ರಾಯಚೂರಿನಲ್ಲಿ ಕಾಕಿ ಗೋಡೆ ಬಿಟ್ಟು ಏಳದಿದ್ದದ್ದು ಸಿಟ್ಟಿನಿಂದಲ್ಲ. ಮ್ಯಾನೇಜರ ಮನೆಯೊಂದರಲ್ಲಿ ಮಾತ್ರ ಕಾಕಾ ಅವಳನ್ನು ಮೊದಲೇ ಹೀಗೆ ನಡೆಸಿರಲಿಲ್ಲ. ಬಚ್ಚಲಿಗೆ ಎದ್ದು ಹೋಗಬೇಕಾದೀತೆಂದು ಅವಳು ನೀರೂ ಕುಡಿದಿರಲಿಲ್ಲ.

“ಇಷ್ಟು ವರ್ಷ ಯಾಕ ಹೇಳಲಿಲ್ಲ ಕಾಕಾ?”

“ಏನು ಹೇಳಾದದವಾ? ಹೊಸಾ ಜಾಗಾದಾಗ ನಾಕು ಮಂದಿ ಮುಂದ ಗ್ವಾಡಿ ತಡವರಸೋದು ಆಕಿಗಿ ಸೇರಂಗಿಲ್ಲ. ಒಮ್ಮೆ ನಡದ ಜಾಗಾ ಆಕಿ ಮರಿಯಂಗಿಲ್ಲ. ಅದಕ್ಕ ಹೋಗೋದ್ರಾಗ ಇಲ್ಲೇ ನಡಸ್ತೀನಿ.” ಆಮೇಲೆ ಮೆಲ್ಲಗೆ, ನನಗಷ್ಟೇ ಕೇಳುವಂತೆ ಅಂದರು, “ಈ ಸಲ ಬರಂಗಿಲ್ಲಂತ ಅಂದಾಳ. ಬಚ್ಚಲಾ ಗೊತ್ತಿಲ್ಲಲ್ಲ.”

ಮೊಬೈಲು ತೆಗೆದೆ. ಮೊದಲು ಸೈಟಿನವರಿಗೆ. ಒಂದು ಒತ್ತಿ, ಮೂರು ಒತ್ತಿ, ಸಂಗೀತ ಕೇಳಿ, ಕೊನೆಗೆ ಸಿಕ್ಕ ಹುಡುಗಿಗೆ ಬಾಗಿಲು ಒಳಕ್ಕೋ ಹೊರಕ್ಕೋ ಎಂದು ಕೇಳಿದರೆ, ಆ ಮಾಹಿತಿ ತಮ್ಮಲ್ಲಿ ಇಲ್ಲ ಎಂದು ಮೂರು ಸಲ ಕ್ಷಮೆ ಕೇಳಿದಳು. ಅವಳದೇನು ತಪ್ಪು? ಹುಡುಕಿ ಹುಡುಕಿ ಹೋಟೆಲಿನದೇ ನಂಬರು ಹಿಡಿದೆ.

“ಅಮ್ಮಾ, ಒಂದು ರೂಮು ಅಂತ ಮಾತ್ರ ಸೈಟಿನವರು ನಮಗೆ ತಿಳಿಸುವುದು. ಯಾವ ರೂಮು ಅಂತ ನೀವು ಬಂದ ಮೇಲೆಯೇ ನೋಡುವುದು” ಎಂದರು ಮ್ಯಾನೇಜರು. ನಾನು ಕಾಕಿಯ ಕಣ್ಣಿನ ವಿಷಯ ಹೇಳಿದೆ, ಹಿತ್ತಲಿನ ರಂಗೋಲಿಯ ವಿಷಯವನ್ನೂ ಹೇಳಿದೆ. ಆ ಕಡೆಯಿಂದ ಕೀಲಿಕೈ ಗೊಂಚಲಿನ ಸದ್ದು. “ಇರಿ, ನಡೆಯುತ್ತಾ ಹೇಳ್ತೇನೆ. ಬಾಗಿಲು ಒಳಕ್ಕೆ. ಹೊಸ್ತಿಲು ಎರಡು ಬೆರಳು. ಬಚ್ಚಲಿಗೆ ಮೂರು ಮೆಟ್ಟಿಲು ಕೆಳಗೆ... ಛೆ, ಈ ರೂಮು ಬೇಡ. ಕೆಳಗಡೆ ಮೂಲೆಯದ್ದು ಕೊಡ್ತೇನೆ, ಅಲ್ಲೂ ಸಮುದ್ರ ಕಾಣ್ತದೆ. ಮೊದಲಿನಿಂದ ಬರೆದುಕೊಳ್ಳಿ.”

ಕಾಕಾ ಅಂಗಾಲಿನಿಂದ ಇಡೀ ಹೋಟೆಲನ್ನೇ ಅಳಿಸಿ ರಂಗೋಲಿ ಡಬ್ಬಿ ಎತ್ತಿಕೊಂಡರು. ಮ್ಯಾನೇಜರು ಹೇಳಿದಂತೆ ನಾನು ಕೂಗುವುದು, ಅವರು ಗೆರೆ ಎಳೆಯುವುದು, ಹಿಂದೆಯೇ ಕಾಕಿ ಹೆಜ್ಜೆ ಇಡುವುದು. ಕೊನೆಯಲ್ಲಿ ಕಾಕಾ ಕೈ ಸನ್ನೆ ಮಾಡಿ ಏನನ್ನೋ ನೆನಪಿಸಿದರು. ನಾನು ನಾಚಿಕೆ ಬಿಟ್ಟು ಕೇಳಿದೆ: “ಸರ್, ನೀವು ಎತ್ತರ ಇದ್ದೀರೋ ಗಿಡ್ಡ ಇದ್ದೀರೋ?” ಅವರು ಫೋನು ಕುಕ್ಕಲಿಲ್ಲ. “ನಡುತರ” ಎಂದು ನಕ್ಕರು.

ಕಾರವಾರದಲ್ಲಿ ಕೋಣೆ ತೋರಿಸಲು ಬಂದ ಮ್ಯಾನೇಜರನ್ನೇ ಹಿಂದಿಕ್ಕಿ ಕಾಕಿ ಒಳಗೆ ನಡೆದಳು. ಚೀಲವನ್ನು ಮಂಚದ ಮೇಲಿಟ್ಟು, ಬಲಕ್ಕೆ ತಿರುಗಿ, ನೇರ ಹೋಗಿ ಕಿಟಕಿಯ ಅಗುಳಿ ತೆಗೆದಳು. ಮ್ಯಾನೇಜರು ಬಾಗಿಲಲ್ಲೇ ನಿಂತುಬಿಟ್ಟರು. ಕಾಕಾ ಅವರ ಕೈಗೆ ಕೆಂಪು ಬಾಳೆಯ ಗೊನೆ ಕೊಟ್ಟರು. ಕಾಯಿ! “ಇದು ಮುಂದಿನ ಸಲದ ಬಯಾನಾ ರೀ. ಆದ್ರ ಅಟ್ಟದ ಮ್ಯಾಲ ಇಡಬ್ಯಾಡ್ರಿ.”

ಮರುದಿನ ಬೆಳಿಗ್ಗೆ ದಂಡೆಗೆ ಹೋದೆವು. ಕಾಕಿ ತಲೆ ಎತ್ತಿ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. “ಎಷ್ಟು ಅಗಲ ಅದರೀ!” ಎಂದಳು. ಬಹಳ ಹೊತ್ತು ನೋಡಿದ ಮೇಲೆ, ಕಾಲ ಬುಡದ್ದು ಕಾಣದವಳು ಕೇಳಿದಳು: “ಇಲ್ಲಿಂದ ನೀರಿಗಿ ಎಷ್ಟು ಹೆಜ್ಜಿ ರೀ?”

ಕಾಕಾ ರೂಢಿಯಂತೆ ಜೇಬು ತಡವಿದರು. ಚೀಟಿಯಲ್ಲಿ ಬಾಗಿಲಿತ್ತು, ಹೊಸ್ತಿಲಿತ್ತು, ನಲ್ಲಿಯಿತ್ತು. “ಇದೊಂದು ಕೇಳಾದೇ ಮರತ್ನಲ್ಲ!” ಎಂದು ನನ್ನ ಮುಖ ನೋಡಿದರು. ಆಮೇಲೆ ಕಾಕಿಯ ಕೈ ಹಿಡಿದು ಹೇಳಿದರು, “ನಿಂದ್ರು. ನೀ ಹೋಗಾದು ಬ್ಯಾಡ. ಅದೇ ಬರ್ತದ.”

ಬಂತು. ಪಾದ ತೋಯುತ್ತಲೇ ಕಾಕಿ ಚಿಕ್ಕ ಹುಡುಗಿಯಂತೆ ಕಿರುಚಿ ನಕ್ಕಳು. ಮತ್ತೆ ಕಾಕಾನ ಕೈ ಬಿಟ್ಟು, ಯಾರನ್ನೂ ಏನನ್ನೂ ಕೇಳದೆ, ಒಂದು ಹೆಜ್ಜೆ ಮುಂದೆ ಇಟ್ಟಳು.