ಎಣ್ಣೆ ಡಬ್ಬದೊಳಗಿನ ಕಂಪ್ಯೂಟರ್

ಮೈಸೂರಿನಲ್ಲಿ ವಿಜ್ಞಾನ ಓದಿದವಳು ನಾನು, ಒಂದು ಪೆಟ್ಟಿಗೆ ಮಾಡಲಾರೆನೇ? ಹೀಗೆಂದು ಅಗರದ ನಮ್ಮ ನಡುಮನೆಯಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ಘೋಷಿಸಿದ್ದು ಬುಧವಾರ. ರಾಹುಕಾಲ ನೋಡಬೇಕಿತ್ತು!

ಶುಕ್ರವಾರ ಹನ್ನೊಂದು ಗಂಟೆಗೆ ಆನ್‌ಲೈನ್ ಪಾಠ ಹೇಳುವ ಕೆಲಸಕ್ಕೆ ನನ್ನ ಡೆಮೊ ಕ್ಲಾಸು. ಮಗು ಹುಟ್ಟಿದ ಮೇಲೆ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಕೈಗೆಟುಕುವಷ್ಟು ಹತ್ತಿರ ಬಂದದ್ದು ಇದೇ ಮೊದಲು. ಅದಕ್ಕೆಂದೇ ನಮ್ಮೆಜಮಾನರು ಕೊಳ್ಳೇಗಾಲದಿಂದ ಹಳೇ ಕಂಪ್ಯೂಟರನ್ನು ಬಸ್ಸಿನಲ್ಲಿ ತಂದರು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ತೆಂಗಿನಕಾಯಿ ಮೂಟೆ ಇಳಿಸಿದರು. ಪೆಟ್ಟಿಗೆ ಅಪ್ಪಚ್ಚಿ, ಕರುಳೆಲ್ಲ ಕ್ಷೇಮ! ಆ ಕರುಳನ್ನು ಮೇಜಿನ ಮೇಲೆ ಹರಡಿಟ್ಟರೆ, ಒಂದೂವರೆ ವರ್ಷದ ಮಗಳು ಮೀನಾ ಅದರಲ್ಲಿ ಗಿರಗಿರ ತಿರುಗುವ ಪುಟ್ಟ ಫ್ಯಾನಿಗೆ ನೇರ ಬೆರಳು ಚಾಚಿಕೊಂಡೇ ಬರುತ್ತಾಳೆ.

"ಹೊಸ ಪೆಟ್ಗೆ ಬರಕ್ಕೆ ಒಂದ್ವಾರ ಆಯ್ತದೆ ಕಣೆ."

"ಅಷ್ಟರಲ್ಲಿ ಮಗಳಿಗೆ ಎಷ್ಟು ಬೆರಳು ಉಳಿದಿರುತ್ತೆ, ಹೇಳಿ?"

ನಮ್ಮೆಜಮಾನರು ಕೆಲಸಕ್ಕೆ ಹೊತ್ತಾಯಿತೆಂದು ಯಳಂದೂರಿನ ಬಸ್ಸು ಹತ್ತಿದರು.

ನಾನು ಕಾರ್ಯಾಚರಣೆಗಿಳಿದೆ. ಅತ್ತೆ ಚಿಕ್ಕಬಸಮ್ಮನವರ ಹದಿನೈದು ಕೇಜಿಯ ಎಣ್ಣೆ ಡಬ್ಬ ವಶವಾಯಿತು. ಶಾಕ್ ಹೊಡೆಯದಂತೆ ಒಳಗೆಲ್ಲ ಡೈಪರ್ ಪೆಟ್ಟಿಗೆಯ ರಟ್ಟು. ಬೋರ್ಡಿಗೆ ಬಟ್ಟೆ ಕ್ಲಿಪ್ಪು. ಆನ್ ಮಾಡಲು ಬಾಗಿಲಿಂದ ಕಿತ್ತ ಕಾಲಿಂಗ್ ಬೆಲ್ಲಿನ ಗುಂಡಿ. ಬಿಸಿಗಾಳಿ ಹೊರಹೋಗಲೂ ಬೇಕು, ಮೀನಾಳ ಬೆರಳು ಒಳಹೋಗಲೂ ಬಾರದು. ಡಬ್ಬದ ಬಾಯಿಗೆ ರಾಗಿಹಿಟ್ಟಿನ ಜರಡಿ! ಗುಂಡಿ ಒತ್ತಿದೆ. ಪರದೆ ಹೊತ್ತಿತು! ವಿಧಾನಸೌಧ ಕಟ್ಟಿದವರೂ ಇಷ್ಟು ಬೀಗಿರಲಿಕ್ಕಿಲ್ಲ. ಮತ್ತೆ ಹೊತ್ತದಿದ್ದರೆ ಎಂಬ ಭಯಕ್ಕೆ ಆಮೇಲೆ ಅದನ್ನು ಆರಿಸಲೇ ಇಲ್ಲ.

ಮೇಜಿನಡಿ ಸೇರಿದ ಡಬ್ಬವನ್ನು ಅತ್ತೆ ಬಗ್ಗಿ ಮುಟ್ಟಿ ನೋಡಿದರು.

"ಬೆಚ್ಚಗದೆ ಕಣವ್ವ. ಒಳ್ಗೆ ಏನ್ ಬೇಯ್ತಾ ಅದೆ?"

"ಏನೂ ಬೇಯ್ತಿಲ್ಲ ಅತ್ತೆ. ಕಂಪ್ಯೂಟರ್ ಬಿಸಿ ಆಗೋದೇ ಹಾಗೆ."

"ಜರಡಿ ಯಾವಾಗ ಕೊಟ್ಟೀಯೆ?"

"ಶುಕ್ರವಾರ ಆದ್ಮೇಲೆ."

"ಅಲ್ಲೀಗಂಟ ಜರಡಿ ಇಡೀದ ಇಟ್ಟಲ್ಲೇ ಮುದ್ದೆ ತಿನ್ನು!"

ಜರಡಿಯ ಮಾತಿಗೆ ನಾನು ಮುನಿಸಿಕೊಂಡೆ. ಕಿವಿಗೊಡಬೇಕಾದದ್ದು 'ಬೆಚ್ಚಗದೆ' ಎಂಬುದಕ್ಕೆ!

ಶುಕ್ರವಾರ. ಪರದೆಯಲ್ಲಿ ಮೂವರು ಪರೀಕ್ಷಕರು. ನನ್ನ ಪಾಠ, ಶಾಖ ಹರಡುವ ಬಗೆ. "ಮಕ್ಕಳೇ, ಗಾಳಿ ಆಡದ ಕಡೆ ಶಾಖ ಹೊರಹೋಗಲಾರದೆ..." ಠಪ್! ಪರದೆ ಕಪ್ಪು. ಗುಂಡಿಯನ್ನು ಏಳು ಸಲ ಒತ್ತಿದೆ. ಮೇಜಿನಡಿ ಬಗ್ಗಿದರೆ, ನನ್ನ ಡಬ್ಬ ಬೆಚ್ಚಗೆ ರಗ್ಗು ಹೊದ್ದು ಕೂತಿದೆ! ರಗ್ಗು ಎಳೆದರೆ ಜರಡಿಯ ಮೇಲೊಂದು ಒದ್ದೆ ಬಟ್ಟೆಯ ಗಂಟು. ಗಂಟಿನಿಂದ ನೂರಾರು ಬಿಳಿ ಮೂತಿಗಳು ಇಣುಕುತ್ತಿವೆ.

"ಅತ್ತೇ! ಏನಿದು?"

"ಉರುಳಿಕಾಳು ಕಣವ್ವ. ಮೊಳ್ಕೆ ಕಟ್ಟಕ್ಕೆ ಬೆಚ್ಚಗಿರೋ ಜಾಗ ಅಂತ ನಿನ್ನೆ ಮಡಗ್ದೆ. ಬೆಳಿಗ್ಗೆ ಮೋಡ ಕಟ್ತು, ಚಳಿಗೆ ಮೊಳ್ಕೆ ನಿಂತೋದದು ಅಂತ ರಗ್ಗು ಒದ್ದುಸ್ದೆ."

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಪರೀಕ್ಷಕರ ವಿಡಿಯೊ ಕಾಲ್! ಒಂದು ಕೈಯಲ್ಲಿ ಕಾಳಿನ ಗಂಟು, ಇನ್ನೊಂದರಲ್ಲಿ ಮೊಬೈಲು.

"ಕ್ಷಮಿಸಿ ಸರ್, ಅದು... ತಾಂತ್ರಿಕ ತೊಂದರೆ..."

ನನ್ನ ಭುಜದ ಮೇಲಿಂದ ಅತ್ತೆಯ ತಲೆ ತೂರಿತು. "ಅವಳ ತಪ್ಪಿಲ್ಲ ಕಣ್ ಸಾ, ನಾನೇ ಮಡಗಿದ್ದು. ರಗ್ಗು ಮುಚ್ಚುದ್ನಾ? ಒಳ್ಗಿನ ಕಾವು ಆಚ್ಗೆ ಓಗ್ನಿಲ್ಲ. ಕಾಳು ಮೊಳೀತು, ಡಬ್ಬ ಕೆಟ್ತು. ಗಾಳಿ ಆಡಿದ್ರೆ ಡಬ್ಬ ಉಳೀತಿತ್ತು, ಕಾಳು ಮೊಳೀತಿರ್ನಿಲ್ಲ. ಅಷ್ಟೇಯ!"

ಕಾಲ್ ಮುಗಿಯಿತು. ಕೆಲಸವೂ ಮುಗಿಯಿತು ಎಂದುಕೊಂಡು, ಮಧ್ಯಾಹ್ನ ಮೊಳಕೆಕಾಳಿನ ಸಾರಿಗೆ ಕಣ್ಣೀರನ್ನೂ ಬೆರೆಸಿಕೊಂಡು ಉಣ್ಣುತ್ತಿದ್ದೆ. ಮತ್ತೆ ಫೋನು. ಎಡಗೈಯಲ್ಲಿ ಸ್ಪೀಕರ್ ಒತ್ತಿದೆ.

"ಅಭಿನಂದನೆ ಮೇಡಂ, ನಿಮ್ಮ ಆಯ್ಕೆ ಆಗಿದೆ."

ಎಂಜಲು ಕೈಯಲ್ಲೇ ಎದ್ದು ನಿಂತೆ. "ನನ್ನ ಪಾಠ ಅಷ್ಟು ಚೆನ್ನಾಗಿತ್ತಾ ಸರ್?"

"ನಿಮ್ಮದು... ಪರವಾಗಿಲ್ಲ ಮೇಡಂ. ಅಂದಹಾಗೆ, ಸೋಮವಾರದ ಮೊದಲ ಕ್ಲಾಸಿಗೆ ನಿಮ್ಮತ್ತೆಯವರು ಬಿಡುವಾಗಿರ್ತಾರಾ?"

ಒಲೆಯ ಮುಂದಿನಿಂದ ಉತ್ತರ ಬಂತು:

"ಜರಡಿ ಕೊಟ್ರೆ ಬತ್ತೀನಿ ಅನ್ನು!"