ಅತ್ತೆ ಆರಿಸಿದ ಪೆಟ್ಟಿಗೆ

ನಮ್ಮ ಸೋದರತ್ತೆ ಸಂಗೀತ ಕೇಳುತ್ತಿದ್ದಳು ಎಂಬುದಕ್ಕೆ ಅವಳ ಮಾತೊಂದೇ ಆಧಾರ. ಅದೇ ಕೋಣೆಯಲ್ಲಿ ಕೂತ ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಅವಳು ಮಗ್ಗಿ ಹೇಳಿಸಿದರೆ ರಸ್ತೆಯಲ್ಲಿ ಹೋಗುವ ಎತ್ತುಗಳು ನಿಲ್ಲುತ್ತಿದ್ದವು. ಅಂಥವಳು ಮನೆಗೆ ಬಂದು ರೆಕಾರ್ಡ್ ಹಾಕಿದರೆ, ಸೊಳ್ಳೆಯೂ ನಾಚಬೇಕು, ಅಷ್ಟು ಸಣ್ಣ ದನಿ.

ಪಕ್ಕದ ಮನೆಯವನು ಗಣಿಯಲ್ಲಿ ರಾತ್ರಿ ಪಾಳಿಯವನು, ಸಂಜೆ ಮಲಗುತ್ತಿದ್ದ. ನಡುವೆ ಇದ್ದದ್ದು ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. “ಆ ಯಪ್ಪ ನಿದ್ದೆಗೆಟ್ಟು ಗಣಿಗಿಳಿದ್ರೆ ಗತಿ ಏನ್ಲಾ?” ಎನ್ನುತ್ತಿದ್ದಳು ಅತ್ತೆ.

ಕೆಲಸ ಬಿಟ್ಟು ಸೀಮೆಗೆ ಹೊರಟ ಗಣಿಯ ಇಂಗ್ಲಿಷ್ ದೊರೆಯೊಬ್ಬ ಮಾರಿಹೋದ ರೆಕಾರ್ಡ್ ಪ್ಲೇಯರೂ ಆಂಪ್ಲಿಫೈಯರೂ ಅವಳ ಬಳಿ ಇದ್ದವು. ಎರಡರ ನಡುವೆ ಕೂರುವ, ಪ್ರೀಆಂಪ್ ಎಂಬ ಪೆಟ್ಟಿಗೆ ಕೆಟ್ಟಿತು. ಬಂಗಾರಪೇಟೆಯ ರೇಡಿಯೋ ರಿಪೇರಿಯವನನ್ನು ನಾನೇ ರೈಲಿನಲ್ಲಿ ಕರೆದೊಯ್ದೆ. ಅವನು ಎರಡು ಪೆಟ್ಟಿಗೆ ತಂದಿದ್ದ. ಒಂದರಲ್ಲಿ ದನಿ ತಗ್ಗಿಸುವ ತಿರುಪು ಬಿಟ್ಟರೆ ಏನೂ ಇಲ್ಲ, ಕರೆಂಟೂ ಬೇಡ. ಇನ್ನೊಂದರಲ್ಲಿ ಪುಟ್ಟ ಬಲ್ಬಿನಂತೆ ಉರಿಯುತ್ತ ದನಿಗೆ ಬಲ ಕೊಡುವ ವಾಲ್ವ್.

ಮೊದಲನೆಯದರಲ್ಲಿ ಹಾಡು ತಿಳಿನೀರಿನಂತೆ ಬಂತು.

“ಮೃದಂಗದೋನು ಎಲ್ಲೋದ?” ಎಂದಳು ಅತ್ತೆ.

“ಇಷ್ಟು ತಗ್ಗಿಸಿದ್ರೆ ಮೊದ್ಲು ಓಗೋದೇ ಅವನು, ಅಮ್ಮಾ,” ಎಂದ ರಿಪೇರಿಯವನು.

ಎರಡನೆಯದರಲ್ಲಿ ಮೃದಂಗ ಮರಳಿತು. ಅದರ ಹಿಂದೆಯೇ ಗುಂಯ್ ಎಂಬ ಒಂದು ಸದ್ದೂ ಬಂತು. ರಿಪೇರಿಯವನಿಗೆ ನಾಚಿಕೆ. “ವಾಲ್ವಿನ ಗುಣ ಅದು. ತಿರುಪಿಂದೇ ಇಟ್ಕೊಳ್ಳಿ.”

ಅತ್ತೆ ಎರಡನ್ನೂ ಇಟ್ಟುಕೊಂಡು ಬಂದವರಿಗೆಲ್ಲ ಪರೀಕ್ಷೆ ಒಡ್ಡಿದಳು. ಕಾಮಸಮುದ್ರದ ಕಡೆಯ ಮೊಸರಿನವಳು ಸ್ಪೀಕರಿಗೆ ಕಿವಿಯಿಟ್ಟು ತುಂಬ ಹೊತ್ತು ಕೂತಳು. “ಎರಡ್ರಾಗೂ ಏನೂ ಕೇಳ್ಸಲ್ಲ ಟೀಚರಮ್ಮ. ಒಂದ್ರಾಗೆ ಜೇನು ಕಟ್ಟೈತೆ, ನೋಡ್ಕೊಳ್ಳಿ.”

ಕಡೆಗೆ ಪಕ್ಕದ ಮನೆಯವನೇ ಬಂದ. “ಸುರಂಗದಾಗೆ ಮದ್ದು ಸಿಡ್ಸೋನು ನಾನು. ನೀವು ಮೈಕೇ ಕಟ್ಟಿದ್ರೂ ನಂಗೆ ಎಚ್ಚರ ಆಗಲ್ಲ, ಜೋರಾಗಿಕ್ಕಿ.” ಅತ್ತೆ ತಲೆಯಾಡಿಸಿದಳು. ದನಿ ಮಾತ್ರ ಒಂದೆಳೆಯೂ ಏರಲಿಲ್ಲ.

ಮುಂದಿನ ಸಲ ಹೋದಾಗ ವಾಲ್ವಿನ ಪೆಟ್ಟಿಗೆ ಕಾಯಂ ಆಗಿತ್ತು. ರೆಕಾರ್ಡ್ ಮುಗಿಯಿತು. ಅತ್ತೆ ಮುಳ್ಳೆತ್ತಿಟ್ಟು ಅಡಿಗೆಗೆ ಹೋದಳು. ಗುಂಯ್ ಸದ್ದು ಉಳಿದೇ ಇತ್ತು. ನಾನು ಆರಿಸಲು ಕೈ ಚಾಚಿದೆ.

“ಇರ್ಲಿ ಬಿಡ್ಲಾ,” ಎಂದಳು ಒಳಗಿನಿಂದ. “ಆ ತಿರುಪಿನ ಪೆಟ್ಟಿಗೆ ಆದ್ರೆ, ರೆಕಾರ್ಡ್ ಮುಗೀತಿದ್ದಂಗೆ ಮನೆ ಪೂರಾ ಸುಮ್ಕಾಗ್ತೈತೆ. ಇದಾದ್ರೆ ಆಚೆ ಕೋಣೇಲಿ ಯಾರೋ ಕುಂತವ್ರೆ ಅನ್ನಿಸ್ತೈತೆ.”

ನಾನು ಸಂಜೆಯ ರೈಲಿಗೆ ಹೊರಡಬೇಕಿತ್ತು. ಒಳಗೆ ಹೋಗಿ, ಅವಳ ಪಕ್ಕ ಕೂತು ಸೊಪ್ಪು ಬಿಡಿಸತೊಡಗಿದೆ.